ಸತ್ತ ಕೋಳಿಗಳ ತೂಕ

ಕೋಳಿ ಆಹಾರದ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ: ವಾರಕ್ಕೊಮ್ಮೆ ಪ್ರತಿ ಕೋಳಿಯನ್ನೂ ರೆಕ್ಕೆ ಒತ್ತಿ ಹಿಡಿದು, ತಕ್ಕಡಿಯ ಬುಟ್ಟಿಗೆ ಹಾಕಿ, ಅದರ ಕಾಲುಂಗುರದ ನಂಬರಿನ ಮುಂದೆ ತೂಕ ಬರೆಯುವುದು. ಕೋಳಿ ಬೆರಳು ಕುಕ್ಕಿದರೆ ಅದರ ವಂಶವನ್ನೆಲ್ಲ ಬೈಯುತ್ತಿದ್ದಳು, ಅಂಕಿ ಮಾತ್ರ ತಪ್ಪುತ್ತಿರಲಿಲ್ಲ. ನಾಲ್ಕು ವರ್ಷದಿಂದ ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಕೇಂದ್ರದ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಮೇಲೆ ಹಲ್ಲು ಮಸೆಯುವುದು.

ನಾಲ್ಕು ವರ್ಷದ ಹಿಂದೆ ಡಾಕ್ಟರು ಒಂದು ಬಿಳಿ ಪುಡಿ ಕಂಡುಹಿಡಿದಿದ್ದರು. ಮೇವಿಗೆ ಬೆರೆಸಿದರೆ ಕೋಳಿ ಬೇಗ ಮೈ ತುಂಬಿಕೊಳ್ಳುತ್ತದೆ ಎಂಬುದು ಅವರ ವಾದ. ಕೆಲವು ತುಂಬಿಕೊಂಡವು, ನಿಜ. ಉಳಿದವು ಭೇದಿಯಾಗಿ, ಕಾಲು ಸೋತು, ಮೂಲೆ ಹಿಡಿದು ಸತ್ತವು. ಮೇವು ಬೆರೆಸುತ್ತಿದ್ದವನು ತೂಕದಕ್ಕನ ಗಂಡ. ಪುಡಿಯನ್ನು ಎರಡರಷ್ಟು ಸುರಿದಿದ್ದಾನೆ ಎಂದು ಡಾಕ್ಟರು ಅವನ ತಲೆ ಮೇಲೆ ಗೂಬೆ ಕೂರಿಸಿ ಕೆಲಸದಿಂದ ತೆಗೆದರು. ಸತ್ತ ಕೋಳಿಗಳನ್ನು ಆಗಿಂದಾಗಲೇ ಹೂಳಿಸಿ, ಬದುಕಿದವುಗಳ ತೂಕವನ್ನಷ್ಟೇ ವರದಿಯಲ್ಲಿ ತೋರಿಸಿ ಹಾರ ಹಾಕಿಸಿಕೊಂಡರು. ಗಂಡ ಹಾಲು ತರಲು ಹೋದರೂ ಜನ ಬಿಡಲಿಲ್ಲ. "ಏನಪ್ಪಾ, ಇವತ್ತು ಏನೇನು ಬೆರೆಸಿದೆ?" ಎಂದು ಕಿಸಿಕಿಸಿ ನಗುತ್ತಿದ್ದರು. ಅವನು ಹೊಸಲು ದಾಟುವುದನ್ನೇ ಬಿಟ್ಟ. ಮನೆಯಲ್ಲೇ ಕೂತು ಅವರಿವರ ಫ್ಯಾನು, ಮಿಕ್ಸಿ ರಿಪೇರಿ ಮಾಡತೊಡಗಿದ. ತೂಕದಕ್ಕ ಅದೇ ಡಾಕ್ಟರ ಕೈಕೆಳಗೆ ತುಟಿ ಬಿಗಿದುಕೊಂಡು ದುಡಿದಳು. ಅವರ ನೀರಿಳಿಸಿ, ಗಂಡನದು ತಪ್ಪಿಲ್ಲವೆಂದು ಅವರ ಬಾಯಲ್ಲೇ ಹೇಳಿಸದೆ ಆ ಜಾಗ ಬಿಡುವವಳಲ್ಲ ಅವಳು.

ಈ ವರ್ಷ ಪುಡಿಯನ್ನು ಮಾರಾಟಕ್ಕೆ ಬಿಡುವ ಮುಂಚೆ ಹೊರಗಿನ ಸಮಿತಿಯೊಂದು ಅದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿ ಎಂದಿತು. ಈ ಸಲ ಬೆರೆಸಿದ್ದು ಯಂತ್ರ. ಪುಡಿಯ ಅಳತೆ ಸರಿಯಿದೆ ಎಂಬ ಚೀಟಿಗೆ ಸಹಿ ಹಾಕಿದವರು ಸ್ವತಃ ಡಾಕ್ಟರು. ಎರಡನೆಯ ವಾರಕ್ಕೆ ಕೋಳಿಗಳು ಮೂಲೆ ಹಿಡಿದವು. ಅವಳಿಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು.

"ಸತ್ತಿದ್ದನ್ನ ಬರೀಬೇಡಮ್ಮ. ಅವು ಮೊದ್ಲಿಂದ್ಲೂ ಸೀಕು ಕೋಳಿಗಳು," ಎಂದರು ಡಾಕ್ಟರು.

"ಆಗ್ಲಿ ಸರ್," ಎಂದಳು, ಬರೆದಳು. ಒಂದೊಂದನ್ನೂ ತೂಗಿ, ಉಂಗುರ ಬಿಚ್ಚದೆ ಚೀಲಕ್ಕೆ ಹಾಕಿ, ಲಸಿಕೆ ಇಡುವ ಫ್ರೀಜರಿನ ತಳದಲ್ಲಿ ಪೇರಿಸಿದಳು.

ಸಮಿತಿ ಬಂದ ದಿನ ಡಾಕ್ಟರು ಹೊಸ ಕೋಟು ತೊಟ್ಟು, ಪರದೆಯ ಮೇಲೆ ಮೇಲಕ್ಕೇರುವ ಗೆರೆಯೊಂದನ್ನು ತೋರಿಸಿ ಅರ್ಧ ಗಂಟೆ ಕೊರೆದರು.

"ಎಷ್ಟು ಸತ್ತವು?" ಎಂದು ಕೇಳಿದರು ಸಮಿತಿಯ ಹಿರಿಯ ಹೆಂಗಸು.

"ಎರಡೋ ಮೂರೋ ಇರಬಹುದು ಮೇಡಂ."

ತೂಕದಕ್ಕ ತಳ್ಳುಗಾಡಿಯೊಂದಿಗೆ ಒಳಗೆ ಬಂದಳು. ಬಿಸ್ಕತ್ತಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಮಂಜುಗಟ್ಟಿದ ಚೀಲಗಳನ್ನು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದಳು.

"ನಲವತ್ತೊಂದು ಮೇಡಂ. ನಂಬರು, ತೂಕ, ತಾರೀಖು ಎಲ್ಲ ಈ ಪುಸ್ತಕದಲ್ಲಿದೆ. ಹೋದ ಸಲ ನಮ್ಮ ಯಜಮಾನ್ರು ಜಾಸ್ತಿ ಹಾಕಿದ್ರಂತೆ. ಈ ಸಲ ಅವರು ಮನೇಲಿದ್ರು. ಯಾರು ಹಾಕಿದ್ರು ಅಂತ ಸರ್‌ನೇ ಕೇಳಿ."

ಡಾಕ್ಟರು ಹೊಸ ಕೋಟಿನ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡರು. ಹಿರಿಯ ಹೆಂಗಸು ಪುಸ್ತಕವನ್ನು ಪುಟ ಬಿಡದೆ ನೋಡಿ, ಅಳತೆಯ ಚೀಟಿ ತರಿಸಿ, ಕೊನೆಗೆ ಈಕೆಯ ಗಂಡನ ವಿಷಯ ಬರೆದುಕೊಡಿ ಎಂದು ಡಾಕ್ಟರ ಮುಂದೆ ಖಾಲಿ ಹಾಳೆ ಇಟ್ಟರು. ಡಾಕ್ಟರು ಬರೆಯುವಾಗ ತೂಕದಕ್ಕ ಅವರ ಹೆಗಲ ಹಿಂದೆಯೇ ನಿಂತಿದ್ದಳು.

"'ತಪ್ಪು ಸಾಬೀತಾಗಿಲ್ಲ' ಬೇಡ ಸರ್. 'ತಪ್ಪು ಮಾಡಿಲ್ಲ' ಅಂತ ಬರೀರಿ."

ಅವರು ಹೊಡೆದು ಹಾಕಿ ತಿದ್ದಿದರು. ಅವಳು ಕಣ್ತುಂಬ ನೋಡಿದಳು.

ಮನೆಗೆ ಓಡಿದಂತೆ ನಡೆದಳು. ಗಂಡ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಚೀಲ ಜೋಡಿಸಿದ್ದು, ಡಾಕ್ಟರು ಬೆವತದ್ದು, ಹೊಡೆದು ತಿದ್ದಿದ್ದು, ಎಲ್ಲ ಹೇಳಿ, ಹಾಳೆಯ ನಕಲನ್ನು ಗಟ್ಟಿಯಾಗಿ ಎರಡು ಸಲ ಓದಿದಳು. ಅವನು ಸ್ಕ್ರೂ ಬಿಗಿಯುತ್ತಲೇ ಕೇಳಿಸಿಕೊಂಡ.

"ಒಳ್ಳೇದಾಯ್ತು. ಈಗ ನಿನಗೂ ಖಾತ್ರಿ ಆಯ್ತಲ್ಲ."

"ನನಗಾ? ನನಗ್ಯಾವ ಅನುಮಾನ ಇತ್ತು ರೀ?"

"ಕೆಲಸ ಹೋದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಇನ್ನೂ ಚಪ್ಪಲಿ ಬಿಟ್ಟಿರ್ಲಿಲ್ಲ. 'ನಿಜ ಹೇಳಿ, ಎಷ್ಟು ಹಾಕಿದ್ರಿ' ಅಂತ ಎಲ್ಲರಿಗಿಂತ ಮೊದ್ಲು ಕೇಳಿದ್ದು ನೀನೇ."