ಕೇಳದೆ ಇಳಿಸಿಕೊಂಡದ್ದು

ಆಯಿ ಫೋನಿನ ವಯರನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ನಾನು ಬೆಳಿಗ್ಗೆ ಚಾ ಕುಡಿದು ಕಂಪ್ಯೂಟರ್ ಮುಂದೆ ಕೂತವಳು, ಈಗ ಊಟದ ಹೊತ್ತು. ಇಂಟರ್ನೆಟ್ಟಿನಿಂದ ಇಳಿಯುತ್ತಿದ್ದದ್ದು ಇನ್ನು ಸ್ವಲ್ಪ ಬಂದಿದ್ದರೆ ಮುಗಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ನನ್ನ ಎದೆ ಧಸಕ್ಕೆಂದದ್ದು ಅದಕ್ಕಲ್ಲ, ಆಯಿ ನನ್ನನ್ನು ನೋಡುತ್ತಿದ್ದ ರೀತಿಗೆ. ಹಿತ್ತಲಲ್ಲಿ ಸಿಕ್ಕಿಬಿದ್ದ ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಾರವಾರದ ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದೆ. ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್, ಏನೇನು ಮಾಡುತ್ತದೆ ಅಂತ ಬೋರ್ಡಿನ ಮೇಲೆ ಚೌಕ ಬರೆದು ವಿವರಿಸುತ್ತಿದ್ದೆ. ಅದರ ಒಳಗೆ ಏನಿದೆ ಎಂಬುದು ನನಗೂ ಗೊತ್ತಿರಲಿಲ್ಲ. ಹೋಟೆಲಿನವನು ಬನ್ಸ್ ಕೊಡುತ್ತಾನೆ, ಹಿಟ್ಟಿಗೆ ಏನು ಹಾಕಿದ ಅಂತ ಹೇಳುತ್ತಾನೆಯೇ? ಇದೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಓದುತ್ತಿದ್ದಾಗ ತಿಳಿಯಿತು, ಹಾಗಲ್ಲ. ಸಾವಿರಾರು ಜನ ಸೇರಿ ಬರೆದ ಒಂದು ದೊಡ್ಡ ಆಪರೇಟಿಂಗ್ ಸಿಸ್ಟಮ್ ಇದೆ, ಅದರ ಮೂಲ ಬರಹವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಓದಬಹುದು, ತಿದ್ದಬಹುದು. ಹೆಸರು ಹೇಳಬೇಕಿಲ್ಲ, ಸಹಿ ಹಾಕಬೇಕಿಲ್ಲ. ನಾನು ಬೆಪ್ಪಾಗಿ ಕೂತೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಲೋಕದಲ್ಲಿ ಇಂಥ ಬುದ್ಧಿಯ ಜನ ಎಲ್ಲಿಂದ ಬಂದರು?

ಕೇಂದ್ರದ ಇಂಟರ್ನೆಟ್ಟು ವಿದ್ಯಾರ್ಥಿಗಳಿಗೆ. ನಾವು ಪಾಠ ಹೇಳುವವರು ಇ-ಮೇಲ್ ಪತ್ರ ನೋಡಿಕೊಳ್ಳಬಹುದಿತ್ತು, ಅಷ್ಟೇ. ಹಾಗಾಗಿ ಮನೆಯಲ್ಲೇ ಇಳಿಸಿಕೊಳ್ಳುವುದು ಅಂತ ನಿರ್ಧಾರ ಮಾಡಿದೆ. ಮನೆಯೆಂದರೆ ಕಾರವಾರಕ್ಕೂ ಅಂಕೋಲೆಗೂ ನಡುವೆ, ಹೆದ್ದಾರಿಯ ಪಕ್ಕದ ಪುನರ್ವಸತಿ ಕಾಲೊನಿ. ನಮ್ಮ ಹಳೆಯ ಮನೆ ಚೆಂಡಿಯಾ ಬದಿಗಿತ್ತು, ಜಾಗ ನೌಕಾನೆಲೆಗೆ ಹೋಯಿತು. ಅಪ್ಪ ಈಗ ಇನ್ನೊಬ್ಬರ ಗದ್ದೆಗೆ ಹೋಗುತ್ತಿದ್ದರು, ಆಯಿ ಕಾಲೊನಿಯ ಹಿತ್ತಲಲ್ಲಿ ಬಸಳೆ, ಹರಿವೆ ಬೆಳೆಸುತ್ತಿದ್ದಳು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಮೋಡೆಮ್ಮು ಕಿರುಚಿ ಕಿರುಚಿ ಲೈನು ಹಿಡಿಯುತ್ತಿತ್ತು. ಆಮೇಲೆ ಹನಿ ಹನಿಯಾಗಿ ಇಳಿಯುತ್ತಿತ್ತು.

ಆ ಭಾನುವಾರ ಆಯಿ ಜಗಲಿಯಲ್ಲೇ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಬೆಳಗಿನಿಂದ ಫೋನು ಸತ್ತುಬಿದ್ದಿದ್ದು ಅವಳಿಗೆ ಸರಿಬಂದಿರಲಿಲ್ಲ.

“ಎಂತನೇ ಅದು, ಇಷ್ಟೊತ್ತು ಬರೂದು?” ಎಂದಳು.

ಪಾಠ ಹೇಳುವ ಚಟ ನನಗೆ. ಸುಮ್ಮನೆ ‘ಕೆಲಸದ್ದು’ ಅಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ಅವಳಿಗೆ ತಿಳಿಯುವ ಹಾಗೆ ಹೇಳುತ್ತೇನೆ ಅಂತ ಹೊರಟೆ. “ಒಂದು ದೊಡ್ಡ ಮನೆ ಅಂತ ತಿಳ್ಕ ಆಯಿ. ಎಷ್ಟೋ ಜನ ಸೇರಿ ಕಟ್ಟಿದ್ದು. ಕಟ್ಟಿ, ಬಾಗ್ಲು ತೆಗ್ದೇ ಇಟ್ಟಾರೆ. ಯಾರು ಬೇಕಾರೂ ಒಳಗೆ ಹೋಗಿ ಬಾಗ್ಲು, ಕಿಟಕಿ, ಮಾಡಿನ ಪಕಾಸು, ಎಂತ ಬೇಕೋ ಅದು ತಗಂಡು ಬರೂದು. ನಾ ಈಗ ಪೂರ್ತಿ ಮನೇನೇ ತಗಂಡು ಬತ್ತಾ ಇದ್ದೆ.”

ಸೊಪ್ಪು ಬಿಡಿಸುವ ಕೈ ನಿಂತಿತು. “ಯಾರ ಹತ್ರ ಕೇಳ್ದೆ?”

“ಕೇಳೂದೇ ಬೇಡ. ತೆಗ್ದೇ ಅದೆ ಅಂದ್ನಲ್ಲ.”

ಅವಳು ಎದ್ದದ್ದೂ ವಯರು ಕಿತ್ತದ್ದೂ ಒಂದೇ ಸಲಕ್ಕೆ ಆಯಿತು.

ನನಗೆ ಆಮೇಲೆ ಹೊಳೆಯಿತು ನಾನು ಆಡಿದ ಮಾತು ಎಂಥದು ಅಂತ. ಊರು ಬಿಟ್ಟಾಗ ನಾವು ಮೊದಲು ಪಾತ್ರೆಪಗಡಿ, ಅಕ್ಕಿಮುಡಿ, ದನ ಸಾಗಿಸಿದ್ದೆವು. ಬಾಗಿಲು, ಕಿಟಕಿ, ಹಂಚು ಎಲ್ಲವನ್ನೂ ಇನ್ನೊಂದು ಸಲ ಟೆಂಪೋ ತಂದು ಒಯ್ಯುವುದು ಅಂತಾಗಿತ್ತು. ಕೆಲವು ದಿನ ಬಿಟ್ಟು ಆಯಿ ಹೋದಾಗ ಅಲ್ಲಿ ಗೋಡೆ ಮಾತ್ರ ಇತ್ತು. ಹಲಸಿನ ಮರದ ಬಾಗಿಲು ಚೌಕಟ್ಟಿನ ಸಮೇತ ಹೋಗಿತ್ತು. ದಾರಿಯಲ್ಲಿ ಹಂಚು ಹೊತ್ತುಕೊಂಡು ಹೋಗುತ್ತಿದ್ದ ಯಾರನ್ನೋ ತಡೆದು ಕೇಳಿದ್ದಕ್ಕೆ, “ತೆಗ್ದೇ ಇತ್ತು, ತಗಂಡ್ವಿ” ಎಂದರಂತೆ. ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಆದರೂ ನನ್ನ ಬಾಯಿಗೆ ಅದೇ ಮನೆ, ಅದೇ ಬಾಗಿಲು ಬರಬೇಕೆ?

“ನಾ ಕದ್ದದ್ದಲ್ಲ ಆಯಿ, ದೇವರಾಣೆ” ಅಂತ ಗಂಟಲು ಹರಿದುಕೊಂಡೆ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲೆಂತಕೆ ಮುಟ್ಟಿ ನೋಡ್ಕಂತೆ?” ಎಂದು ವಯರನ್ನು ಸುರುಳಿ ಸುತ್ತಿ ದೇವರ ಗೂಡಿನ ಮೇಲಿಟ್ಟಳು.

ಸಂಜೆ ನಾನು ಚಾ ಮಾಡಿ ಕೊಟ್ಟೆ. ಕುಡಿಯಲಿಲ್ಲ. ಲೋಟ ಹಾಗೇ ಆರಿತು. ಮರುದಿನವೂ ನನ್ನ ಕೈಯ ಚಾ ಮುಟ್ಟಲಿಲ್ಲ, ತಾನೇ ಬೇರೆ ಮಾಡಿಕೊಂಡಳು. ನನಗೆ ಹೆದರಿಕೆಯಾಯಿತು. ಆಯಿ ಬೈದರೆ ಹೆದರುವವಳಲ್ಲ ನಾನು, ತಿರುಗಿ ಎರಡು ಅಂದೇ ಅನ್ನುತ್ತೇನೆ. ಆದರೆ ಹೆತ್ತವಳು ಕೈಯ ಚಾ ಬಿಟ್ಟರೆ ಏನು ಮಾಡುವುದು? ಅಪ್ಪನ ಹತ್ತಿರ ಹೇಳಿದರೆ, “ಅದು ನಿಮ್ಮಿಬ್ಬರದ್ದು” ಎಂದು ಬೀಡಿ ಹಚ್ಚಿದರು.

ಇಳಿದಷ್ಟು ಕಡತ ಕಂಪ್ಯೂಟರಿನಲ್ಲಿ ಉಳಿದಿತ್ತು. ಕೊನೆಯ ಭಾಗ ಇಲ್ಲದಿದ್ದರೂ ಬಿಚ್ಚಿ ನೋಡಿದೆ, ಬಿಚ್ಚಿಕೊಂಡಿತು. ಒಳಗೆ ಇದ್ದದ್ದನ್ನು ಕಂಡು ಇನ್ನೊಮ್ಮೆ ದಂಗಾದೆ. ನಾನು ಯಂತ್ರದ ಭಾಷೆ ಇರುತ್ತದೆ ಅಂದುಕೊಂಡಿದ್ದರೆ, ಸಾಲುಗಳ ನಡುವೆ ಮನುಷ್ಯರು ಗೊಣಗುತ್ತಿದ್ದರು. ಇದು ಯಾಕೆ ಸರಿಹೋಯಿತೋ ನನಗೂ ಗೊತ್ತಿಲ್ಲ, ಮುಟ್ಟಬೇಡಿ ಅಂತ ಒಬ್ಬ ಬರೆದಿದ್ದ. ಇಂಥ ಯಂತ್ರ ಮಾಡಿದವನಿಗೆ ಬುದ್ಧಿಯಿಲ್ಲ ಅಂತ ಇನ್ನೊಬ್ಬ. ಗದ್ದೆ ಬದುವಿನ ಮೇಲೆ ನಿಂತು ಆಡುವ ಮಾತಿನ ಹಾಗೇ ಇತ್ತು. ಎಲ್ಲಕ್ಕಿಂತ ಮೇಲೆ ಒಂದು ಅಪ್ಪಣೆಯ ಕಾಗದ ಇತ್ತು: ನಕಲು ಮಾಡಿಕೊಳ್ಳಿ, ಹಂಚಿ, ಅಡ್ಡಿಯಿಲ್ಲ. ಓಡಿಹೋಗಿ ಆಯಿಯನ್ನು ಕರೆತಂದು ತೋರಿಸಿ, ಅರ್ಥ ಹೇಳಿದೆ.

ಅವಳು ನಕ್ಕಳು. ಆ ನಗು ನನಗೆ ಇಷ್ಟವಾಗಲಿಲ್ಲ. “ಕಾಗದದಾಗೆ ಎಲ್ಲಾ ಬರೋಬ್ಬರಿ ಇರ್ತದೆ. ನಮ್ಮನೆ ಹೋದದ್ದೂ ಕಾಗದದಾಗೆ ಬರೋಬ್ಬರಿಯೇ. ನೀ ಕೂಗಿ ಹೇಳಿದ್ಯಾ?”

ನಮ್ಮ ಕಡೆ ಅದೊಂದು ರಿವಾಜು. ಪಕ್ಕದ ಹಿತ್ತಲಿಂದ ಬಾಳೆಲೆ ಬೇಕೆಂದರೆ, ಪೂಜೆಗೆ ನಾಲ್ಕು ದಾಸವಾಳ ಬೇಕೆಂದರೆ ಕೊಯ್ಯಬಹುದು. ಕೊಯ್ಯುವಾಗ ಮಾತ್ರ ಕೂಗಿ ಹೇಳಬೇಕು, “ಅಕ್ಕಾ, ಎರಡೆಲೆ ಕೊಯ್ಕಂಡೆ ಹಾಂ!” ಅಂತ. ಒಳಗಿನವರು ಹೂಂ ಅಂದರೂ ಆಯಿತು, ಅನ್ನದಿದ್ದರೂ ಆಯಿತು. ಮನೆಗೆ ಬೀಗ ಬಿದ್ದಿದ್ದರೆ ಬೀಗಕ್ಕೇ ಕೂಗಿ ಹೇಳುವುದು. ಕೂಗಿದರೆ ತಗೊಂಡದ್ದು, ಕೂಗದಿದ್ದರೆ ಕದ್ದದ್ದು. ಇಷ್ಟೇ ಕಾಯಿದೆ.

ನಾನು ಕಾರವಾರಕ್ಕೆ ಹೋದವಳೇ ಆ ಬರಹ ನೋಡಿಕೊಳ್ಳುವವರಿಗೆ ಒಂದು ಪತ್ರ ಬರೆದೆ. ‘ನಾನು ಹಿಂದೂಸ್ಥಾನದ ಪಶ್ಚಿಮ ಕರಾವಳಿಯವಳು. ನಿಮ್ಮ ಮೂಲ ಬರಹ ಇಳಿಸಿಕೊಂಡಿದ್ದೇನೆ. ತಿಳಿಸದೆ ತಗೊಂಡರೆ ಕಳ್ಳತನ ಅಂತ ನನ್ನ ತಾಯಿ ಹೇಳುತ್ತಾಳೆ. ಅದಕ್ಕೆ ತಿಳಿಸುತ್ತಿದ್ದೇನೆ.’ ಕಳಿಸಿದ ಮೇಲೆ, ಹುಚ್ಚಿ ಅಂದುಕೊಳ್ಳುತ್ತಾರೆ ಅಂತ ಅನಿಸಿತು. ಉತ್ತರದ ಆಸೆ ಒಂದು ಚೂರೂ ಇರಲಿಲ್ಲ.

ಮರುದಿನ ಉತ್ತರ ಬಂದಿತ್ತು! ಯಾವ ದೇಶದವರೋ, ಹೆಂಗಸೋ ಗಂಡಸೋ ಹೆಸರಿನಿಂದ ತಿಳಿಯುವಂತಿರಲಿಲ್ಲ. ನಾನು ಅದನ್ನು ಕಾಗದಕ್ಕೆ ಇಳಿಸಿ ಮನೆಗೆ ತಂದು, ಒಲೆಯ ಮುಂದೆ ಕೂತಿದ್ದ ಆಯಿಗೆ ಕನ್ನಡದಲ್ಲಿ ಹೇಳಿದೆ. ‘ಧಾರಾಳವಾಗಿ ತಗೊಳ್ಳಿ. ಹೇಳುವ ಅಗತ್ಯವಿರಲಿಲ್ಲ, ಆದರೆ ಹೇಳಿದ್ದು ಸಂತೋಷವಾಯಿತು. ಈವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ತಾಯಿಗೆ ತಿಳಿಸಿ, ನೀವು ತಗೊಂಡದ್ದರಿಂದ ಇಲ್ಲಿ ಏನೂ ಕಡಿಮೆಯಾಗಿಲ್ಲ. ಎಲ್ಲ ಇದ್ದ ಹಾಗೇ ಇದೆ.’

“ಕಡಿಮೆ ಆಗ್ಲಿಲ್ವಾ?”

“ಇಲ್ಲ ಆಯಿ. ಲೋಕವೇ ತಗಂಡ್ರೂ ಅಲ್ಲಿ ಅಷ್ಟೇ ಇರ್ತದೆ.”

“ಸುಳ್ಳು ಹೇಳ್ಬೇಡ.”

“ನಿನ್ನಾಣೆ.”

ಆಯಿ ಕಾಗದವನ್ನು ನನ್ನ ಕೈಯಿಂದ ತಗೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಇಂಗ್ಲಿಷು ಬರುವುದಿಲ್ಲ. ನಾನು ಗೆದ್ದೆ, ಇನ್ನು ಚಾ ಕುಡಿಯುತ್ತಾಳೆ ಅಂದುಕೊಂಡೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಊರು ಬಿಟ್ಟ ದಿನ ಅತ್ತವಳಲ್ಲ ಅವಳು.

“ನಾ ತಂದದ್ದು ಅಲ್ಲಿ ಕಡಿಮೆ ಆಯ್ತಲ್ಲ” ಎಂದಳು.

“ಎಂತ ತಂದದ್ದು?”

ಅವಳು ಮೂಲೆಗೆ ಕೈ ತೋರಿಸಿದಳು. ಅಲ್ಲಿ ಕಾಯಿ ತುರಿಯುವ ಮಣೆ ಇತ್ತು. ದಿನಾ ಅವಳು ಅದರ ಮೇಲೆ ಕೂತು ತುರಿದ ಕಾಯಿಯ ಸಾರನ್ನೇ ನಾವು ಉಣ್ಣುತ್ತಿದ್ದದ್ದು. ನಮ್ಮ ಬಾಗಿಲು ಹೋದ ಆ ದಿನ, ಹೊಟ್ಟೆ ಉರಿದು ಪಕ್ಕದ ಮನೆಗೆ ನುಗ್ಗಿದಳಂತೆ. ಆ ಮನೆಯ ಅಕ್ಕ ಊರು ಬಿಟ್ಟು ಹೋಗಿಯಾಗಿತ್ತು. ಖಾಲಿ ಅಡುಗೆಮನೆಯಲ್ಲಿ ಈ ಮಣೆಯೊಂದು ಬಿದ್ದಿತ್ತು. “ನಂದು ಹೋಯ್ತು, ನಾನೂ ತಗಂತೆ ಅಂತ ಕಂಕುಳಲ್ಲಿಟ್ಕಂಡು ಬಂದೆ. ಕೂಗಿ ಹೇಳೂಕೆ ಬಾಯಿ ಬರ್ಲಿಲ್ಲ. ನಂಗೂ ಅವ್ರಿಗೂ ಎಂತ ಫರಕು?”

ನಾನು ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ಆ ಬಾಗಿಲು ಕದ್ದವರನ್ನು ಅವಳು ಬೈಯುವಾಗೆಲ್ಲ ನಾನೂ ದನಿಗೂಡಿಸಿದ್ದೆ. ನನ್ನ ಆಯಿ! ಒಬ್ಬರ ಹಿತ್ತಲಿನ ಕರಿಬೇವಿನ ಎಸಳಿಗೂ ಕೂಗಿ ಹೇಳುವವಳು.

ಮುಂದಿನ ಭಾನುವಾರ ಅವಳೇ ನನ್ನನ್ನು ಕರೆದುಕೊಂಡು ಹೊರಟಳು. ಆ ಅಕ್ಕನ ಮನೆ ಈಗ ಬೇಲೆಕೇರಿ ಬದಿಯ ಇನ್ನೊಂದು ಕಾಲೊನಿಯಲ್ಲಿತ್ತು. ಮಣೆಯನ್ನು ತೊಳೆದು, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ಧೂಳು. ಅಕ್ಕನ ಮನೆಯ ಗೇಟಿನ ಹೊರಗೇ ನಿಂತು ಆಯಿ ಗಂಟಲು ಸರಿಮಾಡಿಕೊಂಡು ಕೂಗಿದಳು. “ಅಕ್ಕಾ, ನಿನ್ನ ತುರಿಮಣೆ ನಾ ತಗಂಡಿದ್ದೆ ಹಾಂ!”

ಅಕ್ಕ ಹೊರಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, “ಅಯ್ಯೋ, ನೀನಾ ಮಾರಾಯ್ತಿ! ಒಳಗೆ ಬಾ” ಎಂದು ಕೈ ಹಿಡಿದುಕೊಂಡರು. ಆಯಿ ಒಳಗೆ ಹೋಗಲಿಲ್ಲ. ಗೇಟಿನಲ್ಲೇ ಗಂಟು ಬಿಚ್ಚಿ ಮಣೆಯನ್ನು ಮುಂದೆ ಹಿಡಿದಳು. ಅಕ್ಕ ಅದನ್ನು ಹಿಂದೆ ಮುಂದೆ ನೋಡಿ, ಅಲಗಿನ ಮೇಲೆ ಬೆರಳಾಡಿಸಿ, “ಇದು ನಂದಲ್ಲ” ಎಂದರು.

“ನಿನ್ನ ಅಡುಗೆಮನೇಲೇ ಇತ್ತು, ಅಕ್ಕ.”

“ಇರ್ಬಹುದು. ಕಡೇ ದಿವ್ಸ ಸಾಮಾನು ಕಟ್ಟೂಕೆ ಕೇರಿಯವರೆಲ್ಲ ನಮ್ಮನೇಲೇ ಸೇರಿದ್ರು. ಯಾರು ಬಿಟ್ಟು ಹೋದ್ರೋ! ನಂದು ನಾ ಅವತ್ತೇ ತಂದೆ.” ಒಳಗಿನಿಂದ ತನ್ನ ಮಣೆಯನ್ನೂ ತಂದು ತೋರಿಸಿದರು. “ಆ ಕೇರಿಯವರು ಈಗ ಎಲ್ಲೆಲ್ಲಿ ಇದ್ದಾರೋ. ಎಷ್ಟೋ ಜನ ಇಲ್ವೇ ಇಲ್ಲ. ಇಟ್ಕ ನೀನೇ.”

ನಾವು ಹೆದ್ದಾರಿಗೆ ಬಂದು ಬಸ್ಸಿಗೆ ಕಾದೆವು. ಆಯಿ ಮಣೆಯನ್ನು ಮತ್ತೆ ಸುತ್ತಲಿಲ್ಲ. ಹಾಗೇ ಎದೆಗೊತ್ತಿ ಹಿಡಿದಿದ್ದಳು, ಅಲಗು ಹೊರಗೆ ಕಾಣುತ್ತಿತ್ತು.

“ನಿನ್ನ ಕಂಪ್ಯೂಟರಿನವ್ರು ಎಷ್ಟು ದೂರ ಇದ್ರೂ ಉತ್ತರ ಕೊಟ್ರು” ಎಂದಳು. “ನಾ ಈಗ ಯಾರ ಮನೆ ಮುಂದೆ ನಿತ್ಕಂಡು ಕೂಗ್ಲೇ?”

ಬಸ್ಸು ಬಂತು. ಅವಳು ಹತ್ತಲಿಲ್ಲ, ನಾನೂ ಹತ್ತಲಿಲ್ಲ.