ಟಿವಿಯಲ್ಲಿ ಸಾಯುವ ಚನ್ನಮಲ್ಲಪ್ಪ

ಯಿಶುನ್ ಬಡಾವಣೆಯ ಚನ್ನಮಲ್ಲಪ್ಪ ಇಲ್ಲಿನ ತಮಿಳು ಧಾರಾವಾಹಿಗಳಲ್ಲಿ ಹೆಣವಾಗುತ್ತಾನೆ. ಹುನಗುಂದದ ಕಡೆಯಿಂದ ಕಡಲು ದಾಟಿ ಬಂದ ಮನುಷ್ಯ, ಹಡಗು ರಿಪೇರಿ ಕೆಲಸದಿಂದ ನಿವೃತ್ತನಾದವನು. ಒಳಗಿಳಿದ ಕೆನ್ನೆ, ಕೊಕ್ಕರೆಯಂಥ ಕತ್ತು. ಉಸಿರು ಬಿಗಿಹಿಡಿದು ಮಲಗಿದನೆಂದರೆ ಮೂಗಿನ ಮೇಲೆ ನೊಣ ಕೂತರೂ ಅಲುಗುವವನಲ್ಲ. ಒಮ್ಮೆ ಚೆನ್ನಾಗಿ ಸತ್ತದ್ದೇ ತಪ್ಪಾಯಿತು. ಆಮೇಲೆ ಯಾರೂ ಅವನನ್ನು ಬದುಕಲು ಕರೆಯಲಿಲ್ಲ.

ಹೆಂಡತಿ ಶಿವಲಿಂಗವ್ವ ನಿಜವಾಗಿ ಹೋದ ಮೇಲೆ ಈ ಕಸುಬು ಅವನಿಗೇ ಚುಚ್ಚತೊಡಗಿತು. ಟ್ಯಾಂಪಿನೀಸ್‌ನಲ್ಲಿರುವ ಮೊಮ್ಮಗಳು ಇಶಾ, ಅಜ್ಜ ಟಿವಿಯಲ್ಲಿ ಬಂದರೆ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಅಜ್ಜಾ, ನೆಕ್ಸ್ಟ್ ಟೈಮ್ ಸಾಯ್ಬೇಡ ಲಾ" ಎಂದು ಒಮ್ಮೆ ಕೇಳಿಯೂಬಿಟ್ಟಳು.

ಅಂದಿನಿಂದ ಅವನಿಗೆ ಒಂದೇ ಹಂಬಲ. ಕಣ್ಣು ಬಿಟ್ಟಿರುವ ಪಾತ್ರವೊಂದು ಸಿಗಬೇಕು, ಅದನ್ನು ಮಗು ನೋಡಬೇಕು.

ಸೆರಂಗೂನ್‌ನ ಒಂದು ವಾಯ್ಡ್ ಡೆಕ್‌ನಲ್ಲಿ, ಎಂದರೆ ವಸತಿ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ, ಚಿತ್ರೀಕರಣವಿತ್ತು. ಹೆಣಕ್ಕೆ ಕಥೆ ಹೇಳುವ ರೂಢಿ ಎಲ್ಲಿದೆ? ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹಣೆಗೆ ವಿಭೂತಿ ಬಳಿದು, ಹೂಮಾಲೆ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಅವನ ಜನ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಕೂರಿಸಿಯೇ ಮಣ್ಣಿಗೆ ಕೊಡುತ್ತಾರೆ. ಶಿವಲಿಂಗವ್ವನನ್ನು ಊರಿಗೊಯ್ದು ಹಾಗೆಯೇ ಕೂರಿಸಿದ್ದರು. ಕಡೆಗಾದರೂ ಇವರಿಗೆ ನಮ್ಮ ಪದ್ಧತಿ ತಿಳಿಯಿತಲ್ಲ ಎಂದುಕೊಂಡು ಚನ್ನಮಲ್ಲಪ್ಪ ಕಣ್ಣು ಮುಚ್ಚಿದ, ಉಸಿರು ಹಿಡಿದ.

ಕ್ಯಾಮೆರಾ ನಿಂತಿತು. ಸಹಾಯಕಿ ಪ್ರಣತಿ ಕನ್ನಡದವಳು. ಹತ್ತಿರ ಬಂದು ಬಗ್ಗಿ ಹೇಳಿದಳು:

"ಅಂಕಲ್, ಕಥೆಯಲ್ಲಿ ಇವತ್ತು ನಿಮ್ಮ ಎಂಬತ್ತನೇ ಬರ್ತ್‌ಡೇ. ನೀವು ಬದುಕಿದ್ದೀರಿ. ಕಣ್ ಬಿಡಿ, ಸ್ಮೈಲ್ ಮಾಡಿ."

ಅವನು ಸಟಕ್ಕನೆ ಕಣ್ಣು ಬಿಟ್ಟು ನೆಟ್ಟಗೆ ಕೂತ. ಆದರೆ ಗಾಣದ ಎತ್ತನ್ನು ಬಯಲಿಗೆ ಬಿಟ್ಟರೂ ಸುತ್ತುವುದನ್ನು ಬಿಟ್ಟೀತೆ? 'ಆ್ಯಕ್ಷನ್' ಎಂದೊಡನೆ ರೆಪ್ಪೆ ತಾನಾಗಿ ಇಳಿಯಿತು. ಮತ್ತೆ ಶಾಟ್ ತೆಗೆದರು, ಮತ್ತೆ ಇಳಿಯಿತು. ಹಟಕ್ಕೆ ಬಿದ್ದು ತೆರೆದಿಟ್ಟರೆ ಬಾಯಿ ಸೆಟೆದುಕೊಂಡಿತು. ನಿರ್ದೇಶಕರು ಗದರಲಿಲ್ಲ. ಮೇಕಪ್‌ನವನನ್ನೇ ಕರೆದು ಕುರ್ಚಿಯಲ್ಲಿ ಕೂರಿಸಿ, ಇವನ ಕೊರಳ ಹಾರ ತೆಗೆದು ಅವನಿಗೆ ಹಾಕಿಸಿದರು. ಇವನನ್ನು ನೆಂಟರ ಸಾಲಿನಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಚಪ್ಪಾಳೆ ತಟ್ಟಲು ಹೇಳಿದರು. ತಟ್ಟಿದ.

ಪ್ರಸಾರದ ಸಂಜೆ ಒಬ್ಬನೇ ಕೂತು ನೋಡಿ, ಟ್ಯಾಂಪಿನೀಸ್‌ಗೆ ಫೋನು ಮಾಡಿದ. ಈ ಸಲ ಸಾಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದರಿಂದ ಇಶಾ ಬಾಗಿಲು ಹಾಕಿಕೊಳ್ಳದೆ ನೋಡಿದ್ದಳು.

"ನೋಡಿದೇನವ್ವಾ? ಚಪ್ಪಾಳೆ ಹೊಡಿತಿದ್ದ ನೀಲಿ ಅಂಗಿಯವ ನಾನೇ."

"ಫೇಸೇ ಕಾಣ್ಲಿಲ್ಲ ಅಜ್ಜಾ. ಅದು ನೀನೇ ಅಂತ ಹೆಂಗೆ ಗೊತ್ತಾಗುತ್ತೆ?"

ನಾನೇ ಎಂದು ಅವನು ಇನ್ನೊಮ್ಮೆ ಹೇಳಿದ. ಅಷ್ಟರಲ್ಲಿ ಮಗು ಫೋನನ್ನು ತಾಯಿಯ ಕೈಗೆ ಕೊಟ್ಟು ಹೋಗಿತ್ತು.