ಒಗ್ಗರಣೆ ಇಲ್ಲದ ಸಾರು

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಹಾಲಿನವನು ನೀರು ಬೆರೆಸದ ದಿನವೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುವವಳು ನಾನು. ಕೊರೋನಾ ಬಂದಮೇಲೆ ಈ ಗುಣಕ್ಕೆ ಮನೆಯಲ್ಲಿ ಮರ್ಯಾದೆ ಸಿಕ್ಕಿತು. ವಿಜಯನಗರದ ನಮ್ಮ ಮನೆಯಲ್ಲಿ ಆಗ ಸೊಪ್ಪಿಗೂ ಸೋಪಿನ ಸ್ನಾನ, ಕೊರಿಯರ್ ಡಬ್ಬಕ್ಕೆ ಇಡೀ ದಿನ ಬಾಲ್ಕನಿಯಲ್ಲಿ ಬಿಸಿಲು. ಯಾರೂ ನಗುತ್ತಿರಲಿಲ್ಲ, ಏಕೆಂದರೆ ನನ್ನ ಮಗಳಿಗೆ ಚಿಕ್ಕಂದಿನಿಂದ ಆಸ್ತಮಾ. ಬರೀ ನೆಗಡಿಗೇ ಆಸ್ಪತ್ರೆ ಸೇರಿ ಆಕ್ಸಿಜನ್ ಹಾಕಿಸಿಕೊಂಡ ಮಗು ಅದು. ಈ ರೋಗ ಅವಳ ಎದೆಗೆ ಇಳಿದರೆ ಏನು ಗತಿ ಎಂದು ಯೋಚಿಸದೆ ನಾನು ಮಲಗಿದ ದಿನವಿಲ್ಲ.

ಅಂಥವಳು ಮಂಜಿನ ಮೇಲೆ ಸ್ಕೀ ಆಡಿಸಲು ಮಗಳನ್ನು ಮನಾಲಿಗೆ ಕರೆದುಕೊಂಡು ಹೋದೆ ಅಂದರೆ ಅದು ನನ್ನ ಗೆಳತಿಯ ಬಲವಂತಕ್ಕೆ. ಮದುವೆಯಾದ ಹೊಸದರಲ್ಲಿ ರಾಜಾಜಿನಗರದ ಒಂದು ವಠಾರದಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ, ಇಬ್ಬರಿಗೂ ಒಂದೇ ನಲ್ಲಿ. ಆಮೇಲೆ ಅವರು ಬಸವೇಶ್ವರನಗರಕ್ಕೆ ಹೋದರೂ ಭಾನುವಾರದ ಊಟ ಒಟ್ಟಿಗೇ ನಡೆಯುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ. ನನ್ನ ಮಗಳು ಅವಳನ್ನು ದೊಡ್ಡಮ್ಮ ಎನ್ನುತ್ತಾಳೆ, ಹಟ ಮಾಡುವುದಕ್ಕೂ ಅವಳ ಹತ್ತಿರವೇ ಹೋಗುತ್ತಾಳೆ. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿನ ಮುಂದೆ ಕೂತು ಕೂತು ಮಗು ನಗುವುದನ್ನೇ ಮರೆತಿತ್ತು. ಮೊದಲ ಅಲೆ ಇಳಿದ ಮೇಲೆ ಗೆಳತಿ, ಮಗುವಿಗೆ ಒಂದು ಸಲ ಹಿಮ ತೋರಿಸಿಕೊಂಡು ಬರೋಣ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಡಾಕ್ಟರೂ ಆಸ್ತಮಾದ ಪಂಪು ಜೊತೆಗಿರಲಿ, ಹೋಗಿ ಬನ್ನಿ ಅಂದರು. ಎರಡೂ ಮನೆಯವರು ಟೆಸ್ಟ್ ಮಾಡಿಸಿದೆವು. ಅವಳು ಕಳಿಸಿದ ರಿಪೋರ್ಟನ್ನು ನಾನು ಫೋನಿನಲ್ಲಿ ದೊಡ್ಡದು ಮಾಡಿ, ಹಳೆಯದನ್ನು ತಿದ್ದಿಲ್ಲ ತಾನೇ ಎಂದು ನೋಡಿದೆ. ಸ್ನೇಹ ಬೇರೆ, ಶ್ವಾಸಕೋಶ ಬೇರೆ.

ಅಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಇತ್ತು. ಸಾರಿನ ಪುಡಿ, ಇಂಗಿನ ಡಬ್ಬಿ ಎಲ್ಲವನ್ನೂ ಗೆಳತಿ ಬೆಂಗಳೂರಿನಿಂದಲೇ ಹೊತ್ತು ತಂದಿದ್ದಳು. ಮೊದಲ ದಿನ ಅವಳು ಹಾಕಿದ ಇಂಗಿನ ಒಗ್ಗರಣೆಯ ಘಾಟಿಗೆ ಮನೆಯ ಮಾಲೀಕ ಬಂದು ಇಣುಕಿ ಹೋದ. ಮಗಳು ದೊಡ್ಡಮ್ಮನ ತೊಡೆಯ ಮೇಲೆ ಕಾಲು ಚಾಚಿಕೊಂಡು ಊಟ ಮಾಡಿದಳು.

ಮರುದಿನ ಬೆಳಿಗ್ಗೆಯಿಂದ ಎಲ್ಲ ಬದಲಾಯಿತು. ಗೆಳತಿ ತಡವಾಗಿ ಎದ್ದಳು. ಕಣ್ಣು ಕೆಂಪಗಿದ್ದವು. ಹೊಟ್ಟೆ ಸರಿಯಿಲ್ಲ, ಇನ್ನು ನೀನೇ ಅಡುಗೆ ಮಾಡು ಎಂದು ಬಾಗಿಲ ಆಚೆಯಿಂದಲೇ ಹೇಳಿದಳು. ಅವಳ ಗಂಡ ಫೋನು ಹಿಡಿದು ಅಂಗಳದ ಮೂಲೆಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಮಧ್ಯಾಹ್ನ ಗೆಳತಿ ತಮ್ಮಿಬ್ಬರಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಅನ್ನ ಸಾರು ಮಾಡಿಕೊಂಡಳು. ಸಾರಿಗೆ ಒಗ್ಗರಣೆಯೇ ಇಲ್ಲ! ಇಂಗಿಲ್ಲದಿದ್ದರೆ ಮದುವೆಮನೆಯ ಸಾರನ್ನೂ ಎಲೆಯಿಂದ ಆಚೆ ತಳ್ಳುವವಳು, ಆ ಬೇಳೆಕಟ್ಟನ್ನು ತಲೆ ತಗ್ಗಿಸಿಕೊಂಡು ಉಂಡಳು.

ಇವಳಿಗೆ ವಾಸನೆ ಹೋಗಿದೆ, ರುಚಿ ಹೋಗಿದೆ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಸಂಜೆ ಎಣ್ಣೆ ಕಾಯಿಸಿ, ಬೇಕೆಂದೇ ಎರಡರಷ್ಟು ಇಂಗು ಹಾಕಿ, ಚಟಪಟ ಎನ್ನುವ ಸೌಟನ್ನು ಅವಳ ಮುಂದೆಯೇ ಹಿಡಿದುಕೊಂಡು ಹೋದೆ. ನನ್ನ ಗಂಡನಿಗೆ ಆಚೆ ಕೋಣೆಯಲ್ಲಿ ಸೀನು ಬಂತು. ಅವಳು ಮಾತ್ರ ಮುಖ ತಿರುಗಿಸಿಕೊಂಡು ಕಿಟಕಿ ನೋಡುತ್ತಾ ಕೂತಳು. ಮಲಗುವ ಮುಂಚೆ ಗಂಡನಿಗೆ ಹೇಳಿದೆ. ನಿನ್ನ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೀಯ, ಸುಮ್ಮನೆ ಮಲಗು ಅಂದರು. ನಾನು ಮಗಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿಯೇ ಮಲಗಿದ್ದು.

ಮಾರನೆಯ ದಿನ ಸ್ಕೀ. ಯಾರು ಯಾರೋ ತೊಟ್ಟು ಬಿಟ್ಟ ಬಾಡಿಗೆಯ ಬೂಟುಗಳ ಒಳಗೆಲ್ಲ ನಾನು ಸ್ಯಾನಿಟೈಸರ್ ಸುರಿದೆ. ಮಗಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕಡೆಗೊಂದು ಸಲ ಬೀಳದೆ ಇಳಿಜಾರು ಮುಗಿಸಿಬಿಟ್ಟಳು. ಖುಷಿಗೆ ಸ್ಕೀ ಬಿಚ್ಚಿ ಎಸೆದು, ಎರಡೂ ಕೈ ಚಾಚಿಕೊಂಡು ದೊಡ್ಡಮ್ಮನ ಕಡೆಗೆ ಓಡಿದಳು. ಗೆಳತಿ ಹಿಂದಕ್ಕೆ ಸರಿದಳು. "ಬೇಡ ಪುಟ್ಟ, ಹತ್ರ ಬರ್ಬೇಡ" ಅಂದಳು. ಮಗಳ ಮುಖ ಚಿಕ್ಕದಾಯಿತು. ಪಕ್ಕದಲ್ಲಿ ಗೆಳತಿಯ ಗಂಡ, ದಿನಾ ತಪ್ಪದೆ ಕ್ಷೌರ ಮಾಡಿಕೊಳ್ಳುವ ಮನುಷ್ಯ, ಕುರುಚಲು ಗಡ್ಡ ಬಿಟ್ಟುಕೊಂಡು ನೆಲ ನೋಡುತ್ತಿದ್ದರು. ಇಬ್ಬರಿಗೂ ಬಂದಿದೆ, ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ನನ್ನ ಮಗಳ ಜೀವದ ಮುಂದೆ ಇವರಿಗೆ ತಮ್ಮ ಪ್ರವಾಸ ದೊಡ್ಡದಾಯಿತೇ ಎಂದು ಮೈಯೆಲ್ಲ ಉರಿಯಿತು.

ಹಿಂತಿರುಗುವಾಗ ದೇವದಾರು ಮರಗಳ ನಡುವಿನ ಒಂದು ಗುಡಿಯ ಹತ್ತಿರ ಕಾರು ನಿಲ್ಲಿಸಿದೆವು. ಅವರಿಬ್ಬರೂ ಇಳಿಯಲಿಲ್ಲ. ಬೀದಿ ಬದಿಯ ಗಣಪನಿಗೂ ಚಪ್ಪಲಿ ಬಿಟ್ಟು ಕೈ ಮುಗಿಯುವ ಗೆಳತಿ, ನೀವು ಹೋಗಿ ಬನ್ನಿ ಅಂದಳು. ದರ್ಶನವಾದ ಮೇಲೆ ಮಗಳು ಉದ್ದ ಕೂದಲಿನ ಯಾಕ್ ದನ ನೋಡಬೇಕೆಂದು ಅಪ್ಪನನ್ನು ಎಳೆದುಕೊಂಡು ಹೋದಳು. ನಾನು ಕುಂಕುಮ ತಂದು, ಗೆಳತಿಯ ಕಡೆಯ ಬಾಗಿಲು ತೆಗೆದು, ಹಣೆಗಿಡಲು ಕೈ ಎತ್ತಿದೆ. ಅವಳು ಸೀಟಿನ ಆ ತುದಿಗೆ ಸರಿದುಕೊಂಡಳು.

"ನಿನಗೆ ಬಂದಿದೆ ತಾನೇ? ಬಾಯ್ಬಿಟ್ಟು ಹೇಳು" ಅಂದೆ.

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನಾನು ಬೇರೆ ಪಾತ್ರೆಯಿಂದ ಹಿಡಿದು ಗಡ್ಡದವರೆಗೆ ಎಲ್ಲ ಒದರಿದೆ. ಮುಂದಿನ ಸೀಟಿನಲ್ಲಿದ್ದ ಅವಳ ಗಂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಸೂತಕ ಕಣೇ," ಅಂದಳು ಗೆಳತಿ. "ಕೆಂಗೇರಿ ಉಪನಗರದ ನಮ್ಮ ಭಾವ ಹೋಗ್ಬಿಟ್ರು. ಬಂದ ರಾತ್ರೀನೇ ಫೋನ್ ಬಂತು."

ಅವಳ ಗಂಡನ ಸ್ವಂತ ಅಣ್ಣ. ಕೊರೋನಾ ಆಗಿ ಆಸ್ಪತ್ರೆಯಲ್ಲಿದ್ದರಂತೆ, ಹುಷಾರಾಗುತ್ತಿದ್ದಾರೆ ಅಂದಿದ್ದರಂತೆ. ಹೊರಟು ಬಂದರೂ ಮುಖ ನೋಡಲು ಸಿಗುವುದಿಲ್ಲ ಎಂದು ಹೇಳಿ ಆ ಅಣ್ಣನ ಮಗನೇ ಎಲ್ಲ ಮುಗಿಸಿದ್ದ. ಮಗು ಇಷ್ಟು ದಿನಕ್ಕೆ ನಗುತ್ತಿದೆ, ಕೆಡಿಸುವುದು ಬೇಡ ಎಂದು ಗಂಡ ಹೆಂಡತಿ ನಮ್ಮ ಮುಂದೆ ಒಂದು ತೊಟ್ಟು ಕಣ್ಣೀರು ಹಾಕದೆ, ತಮ್ಮ ಮೈಲಿಗೆ ನಮಗೆ ತಗಲದಂತೆ ದೂರ ದೂರ ಇದ್ದು ಸೂತಕ ಹಿಡಿದಿದ್ದರು. ಬೇರೆ ಯಾವ ವರ್ಷವಾಗಿದ್ದರೂ ಒಗ್ಗರಣೆಯಿಲ್ಲದ ಸಾರು ನೋಡಿದ ಕೂಡಲೇ ನನಗೆ ತಿಳಿಯುತ್ತಿತ್ತು.

ಅಯ್ಯೋ ಎಂದು ಅವಳ ಕೈ ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನೀವು ಅವರನ್ನ ಕಡೇ ಸಲ ನೋಡಿದ್ದು ಯಾವಾಗ?"

ಅವಳು ಸಿಟ್ಟಾಗಲಿಲ್ಲ. "ದೀಪಾವಳಿಲಿ, ಗೇಟಿನ ಆಚೆ ನಿಂತು," ಅಂದಳು. "ಇದಕ್ಕೇ ಕಣೇ ನಿನ್ಹತ್ರ ಹೇಳ್ಲಿಲ್ಲ."

ಅಷ್ಟರಲ್ಲಿ ಮಗಳು ಏನೋ ಹೇಳಬೇಕೆಂದು ದೊಡ್ಡಮ್ಮ ದೊಡ್ಡಮ್ಮ ಎನ್ನುತ್ತಾ ಕಾರಿನ ಕಡೆಗೆ ಓಡಿ ಬಂದಳು. ಎಲ್ಲ ಗೊತ್ತಾದ ಮೇಲೂ ನಾನು ಅವಳ ತೋಳು ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಗೆಳತಿ ಅದನ್ನು ನೋಡಿದಳು.